ಚಕ್ಕೋತ, ಲವಂಗ, ಬಾಳೆಹಣ್ಣು: ಬಿಯರ್ ರುಚಿ ನೋಡೋದನ್ನು ನಾನು ಕಲಿತಿದ್ದು ಹೀಗೆ

ಮೊದಲ ಸಲ ಬಿಯರ್ ಹೋಲಿಸಿ ನೋಡೋಣ ಅಂತ ಕೂತಾಗ ನಾನು ಮಾಡಿದ್ದೆಲ್ಲ ತಪ್ಪೇ. ಆರು ಪುಟ್ಟ ಗ್ಲಾಸುಗಳ ಟ್ರೇ ಬಂತು. ಕಪ್ಪಗೆ, ಮೇಲೆ ಕೆನೆ ಥರ ನೊರೆ ಕಟ್ಟಿಕೊಂಡು ಕೂತಿದ್ದ ಸ್ಟೌಟ್ ನೋಡೋಕೆ ಚೆಂದ ಇತ್ತು, ಅದನ್ನೇ ಮೊದಲು ಎತ್ತಿದೆ. ಆಮೇಲೆ ಐಪಿಎ, ಅಂದರೆ ಕಹಿ ಜಾಸ್ತಿ ಇರುವ ಒಂದು ಜಾತಿಯ ಬಿಯರ್. ಜೊತೆಗೆ ಒಂದು ಪ್ಲೇಟ್ ಚಿಲ್ಲಿ ಚಿಕನ್. ಐದನೇ ಗ್ಲಾಸಿಗೆ ಬರುವಷ್ಟರಲ್ಲಿ ನಾಲಿಗೆ ಮೇಲೆ ಖಾರ ಮತ್ತು ಕಹಿ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಮಾರನೇ ದಿನ ಮೊಬೈಲಿನಲ್ಲಿ ಬರೆದಿಟ್ಟಿದ್ದು ತೆಗೆದು ನೋಡಿದೆ: "1 ಸೂಪರ್. 2 ಕಹಿ. 3 ಓಕೆ. 4 ಓಕೆ. 5 ನೀರು. 6 ಸೂಪರ್." ಆ ಐದನೆಯದು ಪಾಪ, ಗೋಧಿ ಬಿಯರ್. ಅದನ್ನೇ ಮೊದಲು ಕುಡಿದಿದ್ದರೆ ನೀರು ಅಂತ ಖಂಡಿತ ಬರೆಯುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಇದ್ದುಕೊಂಡು ಇಷ್ಟು ಕೆಟ್ಟದಾಗಿ ಬಿಯರ್ ಕುಡಿಯೋದು ಸ್ವಲ್ಪ ನಾಚಿಕೆಯ ವಿಷಯವೇ. ಈಗ ಯುಬಿ ಸಿಟಿ ಎದ್ದು ನಿಂತಿರುವ ಜಾಗದಲ್ಲಿ ಮೊದಲು ಬ್ರೂವರಿ ಇತ್ತು. ಥಾಮಸ್ ಲೀಶ್‌ಮನ್ ಅನ್ನುವವರು ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಆದರೂ ನಮ್ಮ ವಯಸ್ಸಿನವರಿಗೆ ಬಹಳ ಕಾಲ ಬಿಯರ್ ಅಂದರೆ ಎರಡೇ ಜಾತಿ: ಮೈಲ್ಡು, ಸ್ಟ್ರಾಂಗು. 2010ರಿಂದೀಚೆಗೆ ಪಬ್ಬಿನೊಳಗೇ ಟ್ಯಾಂಕ್ ಇಟ್ಟು ಬಿಯರ್ ಮಾಡುವ ಜಾಗಗಳು ಶುರುವಾದವು. ಇಂದಿರಾನಗರದ ಟಾಯ್ಟ್, ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್, ಆಮೇಲೆ ಲೆಕ್ಕ ಇಡೋಕೂ ಆಗದಷ್ಟು.

ಆ ಟ್ರೇ ಅವಾಂತರ ಆದಮೇಲೆ ಒಂದು ತೀರ್ಮಾನ ಮಾಡಿದೆ. ಒಂದು ಪಬ್ಬಿನ ಆರು ಬಿಯರ್ ಹೋಲಿಸೋದು ಬೇಡ, ಒಂದೇ ಥರದ ಬಿಯರನ್ನು ಬೇರೆ ಬೇರೆ ಪಬ್ಬಿನಲ್ಲಿ ಹೋಲಿಸೋಣ. ಸ್ಟೌಟಿಗೂ ಗೋಧಿ ಬಿಯರಿಗೂ ಹೋಲಿಕೆ ಮಾಡೋದು ಬಿಸಿಬೇಳೆಬಾತಿಗೂ ಮೊಸರನ್ನಕ್ಕೂ ನಂಬರ್ ಕೊಟ್ಟ ಹಾಗೆ. ಗೋಧಿಯದನ್ನೇ ಆರಿಸಿಕೊಂಡೆ, ಯಾಕೆಂದರೆ ಹೆಚ್ಚುಕಮ್ಮಿ ಎಲ್ಲ ಕಡೆ ಸಿಗುತ್ತದೆ. ಓಡಾಟಕ್ಕೆ ಮೆಟ್ರೋ. ಇಂದಿರಾನಗರಕ್ಕೂ ಎಂ.ಜಿ. ರೋಡಿಗೂ ಮಧ್ಯೆ ಹಲಸೂರು, ಟ್ರಿನಿಟಿ ಎರಡೇ ಸ್ಟೇಷನ್, ಹಾಗಾಗಿ ಮೊದಲನೇ ಕಡೆಯ ರುಚಿ ಮರೆತುಹೋಗುವ ಮೊದಲೇ ಎರಡನೇ ಕಡೆ ಕೂತಿರಬಹುದು. 2023ರಲ್ಲಿ ಪರ್ಪಲ್ ಲೈನ್ ವೈಟ್‌ಫೀಲ್ಡ್ ತನಕ ಹೋದಮೇಲಂತೂ ಇನ್ನೂ ಸಲೀಸು. ಗಾಡಿ ತೆಗೆದುಕೊಂಡು ಹೋಗೋ ಮಾತೇ ಇಲ್ಲ.

ನಾನು ಮಾಡೋದು ಇಷ್ಟೇ. ಒಂದು ಕಡೆ ಒಂದು ಸಣ್ಣ ಗ್ಲಾಸ್, ಎರಡಕ್ಕಿಂತ ಜಾಸ್ತಿ ಇಲ್ಲ. ಫ್ರೀಜರಿನಲ್ಲಿಟ್ಟ ಗ್ಲಾಸ್ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ, ಐಸಿನಷ್ಟು ತಣ್ಣಗಿದ್ದರೆ ವಾಸನೆ ಏಳೋದೇ ಇಲ್ಲ. ಗ್ಲಾಸನ್ನು ಎರಡು ನಿಮಿಷ ಅಂಗೈಯಲ್ಲಿ ಹಿಡಿದು ಕೂತಿರುತ್ತೇನೆ. ಒಳಗಡೆ ಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ ಅಂತ ಅರ್ಥ, ಬದಲಾಯಿಸಿಕೊಳ್ಳುತ್ತೇನೆ. ನೆಂಚಿಕೊಳ್ಳೋಕೆ ಕಾಂಗ್ರೆಸ್ ಕಡಲೆಬೀಜ, ಚಿಲ್ಲಿ ಚಿಕನ್ ಎಲ್ಲ ಕೊನೆಗೆ. ನಡುವೆ ಬಾಯಿ ಸರಿ ಮಾಡಿಕೊಳ್ಳೋಕೆ ನೀರು ಮತ್ತು ಜೇಬಿನಲ್ಲಿ ಒಂದು ಪೊಟ್ಟಣ ಕಡ್ಲೆಪುರಿ, ಒಗ್ಗರಣೆ ಹಾಕದೇ ಇರುವುದು. ಒಂದು ಸಲ ವೇಟರ್ ಬಂದು ನಿಂತು, ನಾನು ಗ್ಲಾಸಿಗೆ ಮೂಗು ಇಟ್ಟುಕೊಂಡು ಕಡ್ಲೆಪುರಿ ಅಗಿಯೋದನ್ನು ನೋಡಿ, "ಯಾಕ್ ಸಾರ್, ವಾಸ್ನೆ ಬರ್ತಿದ್ಯಾ? ಚೇಂಜ್ ಮಾಡ್ಕೊಡ್ಲಾ?" ಅಂತ ಗಾಬರಿಯಿಂದ ಕೇಳಿದ. ವಾಸನೆ ಬರಲಿ ಅಂತಲೇ ಕೂತಿದ್ದೀನಪ್ಪಾ ಅಂದೆ.

ಕಷ್ಟ ಇದ್ದಿದ್ದು ಬರೆಯೋದರಲ್ಲಿ. ಶುರುವಿನಲ್ಲಿ ಮೆನು ಕಾರ್ಡಿನಲ್ಲಿ ಇರುವ ಇಂಗ್ಲಿಷ್ ಪದಗಳನ್ನೇ ಇಳಿಸಿಕೊಳ್ಳುತ್ತಿದ್ದೆ. ಐಪಿಎ ಅಂದರೆ ಗ್ರೇಪ್‌ಫ್ರೂಟ್ ಪರಿಮಳ, ಪೈನ್ ಮರದ ಪರಿಮಳ ಅಂತೆ. ನಾನು ತಿಪಟೂರು ಕಡೆಯವನು. ಗ್ರೇಪ್‌ಫ್ರೂಟ್ ಅನ್ನೋದನ್ನು ಮೂಗಿನ ಹತ್ತಿರ ತಂದವನೇ ಅಲ್ಲ, ಗೊತ್ತಿಲ್ಲದ ವಾಸನೆಯನ್ನು ಬಿಯರಿನಲ್ಲಿ ಹುಡುಕೋದು ಹೇಗೆ? ಹಾಗೇ ಒಂದು ದಿನ ದೇವನಹಳ್ಳಿ ಚಕ್ಕೋತ ಸುಲಿಯುತ್ತಾ ಕೂತಿದ್ದಾಗ, ದಪ್ಪ ಸಿಪ್ಪೆಗೆ ಉಗುರು ಹಾಕಿದ ತಕ್ಷಣ ಒಂದು ಸಣ್ಣ ತುಂತುರು ಹಾರುತ್ತದಲ್ಲ, ಆ ವಾಸನೆ ಮೂಗಿಗೆ ಬಡಿದಾಗ ನೆನಪಾಯಿತು, ಅರೆ, ಹಿಂದಿನ ಶನಿವಾರದ ಐಪಿಎ ಇದೇ ಅಲ್ವಾ! ಒಳಗಿನ ಬಿಳಿ ಪದರ ಅಗಿದರೆ ಬರುವ ಕಹಿ ಕೂಡ ಹೆಚ್ಚುಕಮ್ಮಿ ಅದೇ. ಅವತ್ತು ನೋಟ್‌ಬುಕ್ಕಿನಲ್ಲಿ ಗ್ರೇಪ್‌ಫ್ರೂಟ್ ಹೊಡೆದುಹಾಕಿ ಚಕ್ಕೋತ ಅಂತ ಬರೆದೆ.

ಅಲ್ಲಿಂದ ದಾರಿ ಸಿಕ್ಕಿತು. ಒಂದು ಭಾನುವಾರ ಅಡುಗೆಮನೆಯ ಮಸಾಲೆ ಡಬ್ಬಿ ತೆಗೆದು ಲವಂಗ, ಕೊತ್ತಂಬರಿ ಬೀಜ, ಒಣಗಿದ ಕಿತ್ತಳೆ ಸಿಪ್ಪೆ, ಬೆಲ್ಲ, ಕಾಫಿಪುಡಿ ಎಲ್ಲ ಒಂದೊಂದು ಬಟ್ಟಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮೂಸಿ ಯಾವುದು ಅಂತ ಹೇಳುವ ಆಟ ಆಡಿದೆ. ಲವಂಗ ಸುಲಭ. ಕೊತ್ತಂಬರಿ ಬೀಜ ನಾನು ಅಂದುಕೊಂಡಿದ್ದಕ್ಕಿಂತ ಕಷ್ಟ, ಇಡಿಯಾಗಿದ್ದರೆ ಸುಮಾರಾಗಿ ಏನೂ ಗೊತ್ತಾಗೋದಿಲ್ಲ, ಜಜ್ಜಿದರೆ ನಿಂಬೆ ಥರದ ಘಮ. ಹೆಂಡತಿ ಸುಮ್ನೆ ನೋಡುತ್ತಿದ್ದಳು, ಏನೂ ಹೇಳಲಿಲ್ಲ, ಅದೇ ಸಮಾಧಾನ.

ಇದರಿಂದ ಒಂದು ಗೊಂದಲ ಬಗೆಹರಿಯಿತು. ಗೋಧಿ ಬಿಯರ್ ಅಂತ ನಾನು ಒಂದೇ ಪುಟದಲ್ಲಿ ಬರೆಯುತ್ತಿದ್ದದ್ದು ಎರಡು ಬೇರೆ ಜಾತಿ. ಜರ್ಮನ್ ಥರದ ವೈಸ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ, ಆದರೆ ಅದಕ್ಕೆ ಬಾಳೆಹಣ್ಣೂ ಹಾಕಿರೋದಿಲ್ಲ, ಲವಂಗವೂ ಹಾಕಿರೋದಿಲ್ಲ, ಎಲ್ಲ ಬಿಯರನ್ನು ಹುದುಗಿಸುವ ಯೀಸ್ಟಿನ ಕೆಲಸ. ಹುದುಗುವಾಗ ಸ್ವಲ್ಪ ಬೆಚ್ಚಗಿದ್ದರೆ ಬಾಳೆಹಣ್ಣು ಮುಂದೆ ಬರುತ್ತದೆ. ಬೆಲ್ಜಿಯಂ ಥರದ ವಿಟ್‌ಗೆ ಮಾತ್ರ ನಿಜವಾಗಿಯೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಟಾಯ್ಟ್‌ನಲ್ಲಿ ಎರಡೂ ಸಿಗುತ್ತವೆ, ವೈಸ್ ಒಂದು, ಟಿನ್‌ಟಿನ್ ಅನ್ನುವ ವಿಟ್ ಇನ್ನೊಂದು. ಪಕ್ಕಪಕ್ಕ ಇಟ್ಟು ಮೂಸಿ ನೋಡಿ, ಒಂದರಲ್ಲಿ ಹಣ್ಣಿನ ಅಂಗಡಿ, ಇನ್ನೊಂದರಲ್ಲಿ ಸಾರಿನ ಪುಡಿ ಹುರಿಯೋಕೆ ಶುರು ಮಾಡಿದ ಮನೆ. ಬಾಳೆಹಣ್ಣು ಅಂತಷ್ಟೇ ಬರೆದರೂ ಸಾಲದು. ಏಲಕ್ಕಿ ಬಾಳೆಯಾ, ಪಚ್ಚಬಾಳೆಯಾ? ನನ್ನ ನೋಟ್‌ಬುಕ್ಕಿನಲ್ಲಿ ಹೆಚ್ಚಿನ ವೈಸ್‌ಗಳ ಎದುರು ಇರೋದು "ಕಪ್ಪು ಚುಕ್ಕೆ ಬಿದ್ದ ಪಚ್ಚಬಾಳೆ" ಅಂತ.

ಕೆಟ್ಟ ವಾಸನೆಗಳನ್ನೂ ಹೀಗೇ ಕಲಿತೆ. ಒಂದು ಪಬ್ಬಿನಲ್ಲಿ, ಹೆಸರು ಬೇಡ, ಲಾಗರ್, ಅಂದರೆ ಅಂಗಡಿ ಬಾಟಲಿಗಳಲ್ಲೂ ಸಾಮಾನ್ಯವಾಗಿ ಸಿಗುವ ಜಾತಿಯ ಬಿಯರ್, ಮೂಸಿದರೆ ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ಬೆಣ್ಣೆ ವಾಸನೆ. ರುಚಿಯೂ ಬಾಯಲ್ಲಿ ಜಿಡ್ಡು ಜಿಡ್ಡು. ದೂರು ಅಂತಲ್ಲ, ಕುತೂಹಲಕ್ಕೆ ಅಂತ ಹೇಳಿದ್ದಕ್ಕೆ ಬಿಯರ್ ಮಾಡುವ ಹುಡುಗನೇ ಒಳಗಿಂದ ಬಂದ. ಗ್ಲಾಸ್ ತೆಗೆದುಕೊಂಡು ಮೂಸಿದ, ಒಂದು ಕ್ಷಣ ಸುಮ್ಮನಿದ್ದು, "ಡಯಾಸಿಟೈಲ್ ಸಾರ್. ಟ್ಯಾಂಕ್ ಎರಡು ದಿನ ಬೇಗ ತಣ್ಣಗೆ ಮಾಡ್ಬಿಟ್ವಿ" ಅಂದ. ಆ ಬೆಣ್ಣೆ ವಾಸನೆಯ ವಸ್ತುವನ್ನು ಯೀಸ್ಟೇ ಮಾಡುತ್ತದಂತೆ, ಕೊನೆಯಲ್ಲಿ ಸ್ವಲ್ಪ ಬೆಚ್ಚಗೆ ಬಿಟ್ಟರೆ ತಾನೇ ಅದನ್ನು ವಾಪಸ್ ತಿಂದುಬಿಡುತ್ತದಂತೆ. ವೀಕೆಂಡ್ ರಶ್ಶು, ಖಾಲಿ ಟ್ಯಾಂಕ್ ಬೇಕಿತ್ತು, ತಿನ್ನೋಕೆ ಬಿಡಲಿಲ್ಲ. ಇಷ್ಟು ನೇರವಾಗಿ ಒಪ್ಪಿಕೊಂಡವನ ಮೇಲೆ ಕೋಪ ಬರೋದಾದರೂ ಹೇಗೆ. ಮೂರು ವಾರ ಬಿಟ್ಟು ಹೋದಾಗ ಅದೇ ಲಾಗರ್ ಶುದ್ಧವಾಗಿತ್ತು. ಅವತ್ತಿಂದ ಪ್ರತಿ ಟಿಪ್ಪಣಿಗೂ ತಾರೀಖು ಹಾಕುತ್ತೇನೆ. ಈ ಪಬ್ಬಿನ ಬಿಯರ್ ಚೆನ್ನಾಗಿದೆ, ಆ ಪಬ್ಬಿನದು ಇಲ್ಲ ಅಂತ ಒಂದೇ ಭೇಟಿಯಲ್ಲಿ ಹೇಳೋರ ಮಾತು ಈಗ ನನಗೆ ಅಷ್ಟಾಗಿ ರುಚಿಸೋದಿಲ್ಲ.

ಇಷ್ಟೆಲ್ಲ ಆದಮೇಲೆ ನನಗೆ ಸ್ವಲ್ಪ ಕೊಬ್ಬು ಬಂದಿತ್ತು. ಅದನ್ನು ಇಳಿಸಿದ್ದು ನನ್ನ ಗೆಳೆಯ. ಅವನ ಮನೆಯಲ್ಲಿ ಅಂಗಡಿಯ ಎರಡು ಬ್ರ್ಯಾಂಡ್ ಲಾಗರ್ ತಂದು, ಮೂರು ಸ್ಟೀಲ್ ಲೋಟ ಇಟ್ಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಅಷ್ಟೇ. ಸ್ಟೀಲ್ ಲೋಟದಲ್ಲಿ ಬಣ್ಣ ಗೊತ್ತಾಗೋದಿಲ್ಲ ನೋಡಿ. ಎರಡರಲ್ಲಿ ಒಂದು ನಾನು ಹದಿನೈದು ವರ್ಷದಿಂದ ಬಿಡದೆ ಕುಡಿಯುತ್ತಿದ್ದ ಬ್ರ್ಯಾಂಡು. ಆರು ಸಲ ಆಡಿದೆವು, ಎರಡು ಸಲ ಸರಿ ಹೇಳಿದೆ. ಕಣ್ಣು ಮುಚ್ಚಿ ಕೈಗೆ ಸಿಕ್ಕ ಲೋಟ ತೋರಿಸಿದರೂ ಸರಾಸರಿ ಆರಕ್ಕೆ ಎರಡು ಸರಿ ಬರುತ್ತದೆ. "ಮಗಾ, ಬೇರೆ ಬ್ರ್ಯಾಂಡ್ ಕುಡಿದ್ರೆ ತಲೆನೋವು ಬರುತ್ತೆ ಅಂತಿದ್ದೆ?" ಅಂತ ಅವನು ಈಗಲೂ ಕೆಣಕುತ್ತಾನೆ. ಅದೇ ಆಟವನ್ನು ವೈಸ್ ಮತ್ತು ವಿಟ್ ಇಟ್ಟುಕೊಂಡು ಪಬ್ಬಿನಲ್ಲಿ ಕಣ್ಣು ಮುಚ್ಚಿ ಆಡಿದಾಗ ಆರಕ್ಕೆ ಆರೂ ಸರಿ ಹೇಳಿದೆ. ಅದನ್ನು ಅವನು ಯಾರಿಗೂ ಹೇಳೋದಿಲ್ಲ.

ಈಚೆಗೆ ತಲೆ ತಿನ್ನುತ್ತಿರೋದು ರಾಗಿ ಬಿಯರ್. ಆಗಾಗ ಒಂದೊಂದು ಪಬ್ಬಿನ ಬೋರ್ಡಿನ ಮೇಲೆ ಹೆಸರು ಕಾಣುತ್ತದೆ, ಕುಣಿದಾಡಿಕೊಂಡು ಹೋಗುತ್ತೇನೆ, ಕುಡಿದರೆ ರಾಗಿ ಎಲ್ಲಿ ಅಂತ ಹುಡುಕಬೇಕು. ರಾಗಿಯಿಂದ ಆಗೋದೇ ಇಲ್ಲ ಅಂತೇನಿಲ್ಲ, ಸಿಕ್ಕಿಂ ಕಡೆ ತೋಂಗ್ಬಾ ಅನ್ನುವ ಹುದುಗಿಸಿದ ಪಾನೀಯ ಮಾಡೋದೇ ಅದರಿಂದ. ಊರಿಗೆ ಹೋದಾಗ ಅಮ್ಮನ ಹತ್ತಿರ ಮಾತು ಬಂತು. ನಾನು ಕುಡಿಯೋದು ಅಮ್ಮನಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾಳೆ. ಪೂರ್ತಿ ಕೇಳಿಸಿಕೊಂಡು, "ಮೊಳಕೆ ಕಟ್ಟಿ ಹುರೀತಾರೇನೋ?" ಅಂದಳು. ನನ್ನ ಮಗಳಿಗೆ ರಾಗಿ ಸರಿ ಮಾಡೋಕೆ ಅಮ್ಮ ಮಾಡುತ್ತಿದ್ದದ್ದು ಅದೇ: ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸೋದು. ಬಿಯರಿಗೆ ಬಾರ್ಲಿಯನ್ನು ಮಾಲ್ಟ್ ಮಾಡೋದು ಅಂದರೂ ಹೆಚ್ಚುಕಮ್ಮಿ ಇಷ್ಟೇ. ಇದು ನನಗೆ ಹೊಳೆದೇ ಇರಲಿಲ್ಲ.

ಮುಂದಿನ ಶನಿವಾರ ಪಬ್ಬಿನಲ್ಲಿ ಅದನ್ನೇ ಕೇಳಿದೆ. ವೇಟರ್ ಒಳಗೆ ಹೋಗಿ ಬಂದು, "ಇಲ್ಲ ಸಾರ್, ಬಾರ್ಲಿ ಮಾಲ್ಟ್ ಜೊತೆ ಸ್ವಲ್ಪ ರಾಗಿಹಿಟ್ಟು ಸೇರಿಸ್ತಾರಂತೆ" ಅಂದ. ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

"ಬರೀ ಹಸಿ ಹಿಟ್ಟು ಹಾಕಿದ್ರೆ ಘಮ ಎಲ್ಲಿಂದ ಬರುತ್ತೆ? ಹುರಿಯೋಕೆ ಹೇಳು ಅವರಿಗೆ" ಅಂದು ಫೋನಿಟ್ಟಳು.