ಕಲ್ಲು ಹೇರದೆ ಆಳ ಹೋಗುವ ರಂಟೆ ಮಾಡಿಕೊಳ್ಳುವುದು

ರಂಟೆ ಅಂದರೆ ನಮ್ಮ ಕಡೆಯ ನೇಗಿಲು. ನಮ್ಮೂರು ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರುಗಳ ನಡುವೆ. ಅರ್ಧ ಊರು ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು). ಮನೆ ಮುಂದೆ ಅಪ್ಪನ ಕುಲುಮೆ, ಅದರ ಮಗ್ಗುಲಿಗೆ ನನ್ನ ವೆಲ್ಡಿಂಗ್ ಶೆಡ್ಡು. ರೋಹಿಣಿ ಮಳೆ ಹತ್ತಿರ ಬಂತೆಂದರೆ ಬಾಗಿಲಿಗೆ ಬಂಡಿಗಳು ಬಂದು ನಿಲ್ಲುತ್ತವೆ, ಬಂದವರದೆಲ್ಲ ಒಂದೇ ಮಾತು: "ರಂಟಿ ನೆಲಾ ಹಿಡೀವಲ್ದು, ಒಂದೀಟು ಭಾರ ಮಾಡಿಕೊಡು." ಭಾರ ಮಾಡಿಸಿಕೊಳ್ಳದವರು ಹೊಲದಲ್ಲಿ ಅದರ ಮೇಲೆ ಕಲ್ಲು ಕಟ್ಟುತ್ತಾರೆ, ಇಲ್ಲವೆ ಹುಡುಗನನ್ನು ಕೂರಿಸುತ್ತಾರೆ.

ರಂಟೆ ಭಾರದಿಂದ ಆಳ ಹೋಗುವುದಿಲ್ಲ. ಇದನ್ನು ನಾನು ಕಲಿತದ್ದು ಒಂದು ಜೋಡಿ ಎತ್ತಿಗೆ ತೊಂದರೆ ಕೊಟ್ಟು. ಶೆಡ್ಡು ಹಾಕಿದ ಹೊಸತರಲ್ಲಿ ದಪ್ಪ ಪ್ಲೇಟು ಬಳಸಿ 38 ಕಿಲೋ ತೂಗುವ ರಂಟೆ ಮಾಡಿ ಒಬ್ಬ ದೊಡ್ಡಪ್ಪನಿಗೆ ಕೊಟ್ಟಿದ್ದೆ. ನಾಲ್ಕು ಸಾಲಿಗೆ ಎತ್ತು ನಿಂತವು. ಜತ್ತಿಗೆ (ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಪಟ್ಟಿ) ಬಿಚ್ಚಿ ನೋಡಿದರೆ ಎಡದ ಎತ್ತಿನ ಹೆಗಲು ಬಾತಿತ್ತು, ಆಳ ಮಾತ್ರ ಮೂರು ಬೆರಳು ದಾಟಿರಲಿಲ್ಲ. ಅವರು ಬೈಯಲಿಲ್ಲ. ರಂಟೆಯನ್ನು ಬಂಡಿಯಲ್ಲಿ ತಂದು ಶೆಡ್ಡಿನ ಮುಂದೆ ಇಳಿಸಿ, ಚಹಾ ಕುಡಿ ಅಂದರೂ ನಿಲ್ಲದೆ ಹೋದರು. ಆ ರಂಟೆ ಈಗಲೂ ನನ್ನ ಶೆಡ್ಡಿನ ಗೇಟಿಗೆ ಒತ್ತುಗಲ್ಲಾಗಿದೆ.

ಆಳ ಹೋಗುವುದು ಮೂರರಿಂದ: ಕುಡ (ನೆಲ ಸೀಳುವ ಕಬ್ಬಿಣದ ಅಲಗು) ನೆಲಕ್ಕೆ ಎಷ್ಟು ಓರೆಯಾಗಿದೆ, ಅದರ ಮೊನೆ ತಳಕ್ಕಿಂತ ಎಷ್ಟು ಕೆಳಗಿದೆ, ಈಸು (ರಂಟೆಯಿಂದ ನೊಗಕ್ಕೆ ಹೋಗುವ ಉದ್ದ ಮರ) ಎಷ್ಟು ಎತ್ತರಕ್ಕೆ ನೋಡುತ್ತಿದೆ. ಕೆಳಗೆ ಹೇಳುವ ರಂಟೆಯಲ್ಲಿ ಈ ಮೂರನ್ನೂ ಒಂದು ಪಾನಾ (ಸ್ಪ್ಯಾನರ್) ಹಿಡಿದು ಹೊಲದಲ್ಲೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಕಬ್ಬಿಣವೆಲ್ಲ ಸೇರಿ 16 ಕಿಲೋ ಆಸುಪಾಸು. ಟ್ರ್ಯಾಕ್ಟರ್ ಇರುವಾಗ ಇದೆಲ್ಲ ಯಾಕೆ ಅನ್ನುವವರು ಮಳೆ ಬಿದ್ದ ಮೂರನೆಯ ದಿನ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿ ನೋಡಲಿ.

ಮೊದಲು ಎತ್ತಿನ ಲೆಕ್ಕ. ದಿನವಿಡೀ ದಣಿಯದೆ ಎಳೆಯಬೇಕೆಂದರೆ ಒಂದು ಎತ್ತು ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಎಳೆಯಬಲ್ಲದು. 400 ಕಿಲೋದ ಎರಡು ಎತ್ತಿಗೆ 80 ಕಿಲೋ ಜಗ್ಗು. ಹದವಿರುವ ಎರೆಯಲ್ಲಿ 6 ಇಂಚು ಅಗಲ, 5 ಇಂಚು ಆಳದ ಸಾಲಿಗೆ ಅಷ್ಟೂ ಖರ್ಚಾಗಿಬಿಡುತ್ತದೆ. ಹಾಗಾಗಿ ಅಗಲ 6 ಇಂಚಿಗೆ ನಿಲ್ಲಿಸಿ. 9 ಇಂಚು ಮಾಡಿಕೊಡು ಎಂದು ಕೇಳುವವರಿದ್ದಾರೆ, ನಾನು ಮಾಡಿಕೊಡುವುದಿಲ್ಲ. 6 ಇಂಚಿನ ಸಾಲಿನಲ್ಲಿ ಒಂದು ಎಕರೆ ಮುಗಿಸುವಷ್ಟರಲ್ಲಿ ಎತ್ತುಗಳು 26 ಕಿಲೋಮೀಟರ್ ನಡೆದಿರುತ್ತವೆ. ಅದರ ಮೇಲೆ ನಮ್ಮ ಹುಮ್ಮಸ್ಸಿನ ಭಾರ ಬೇಡ.

ಸಾಮಾನು ಹೀಗೆ ತನ್ನಿ. ಕುಡಕ್ಕೆ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಾ, 70 ಮಿಲಿಮೀಟರ್ ಅಗಲದ್ದು, 14 ಇಂಚು ಉದ್ದ. ಸಿಂಧನೂರಿನ ಗುಜರಿ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ತಿರುವಿ ಮುರುವಿ ನೋಡಿ ಬಿರುಕಿಲ್ಲದ್ದನ್ನು ಆರಿಸಿ. ರಂಟೆಯ ಕಾಲಿಗೆ 65 ಅಗಲ 16 ದಪ್ಪದ ಸಾದಾ ಕಬ್ಬಿಣದ ಪಟ್ಟಿ, ಎರಡೂವರೆ ಅಡಿ. ತಳಕ್ಕೆ 50 ಅಗಲ 10 ದಪ್ಪದ್ದು, ಒಂದು ಅಡಿ. ಈಸನ್ನು ಹಿಡಿಯುವ ಕೆನ್ನೆಗಳಿಗೆ 8 ಮಿಲಿಮೀಟರ್ ಪ್ಲೇಟು, 13 ಇಂಚು ಉದ್ದ ನಾಲ್ಕೂವರೆ ಇಂಚು ಅಗಲದ ಎರಡು ತುಂಡು. ರೆಕ್ಕೆಗೆ 5 ಮಿಲಿಮೀಟರ್ ಪ್ಲೇಟಿನ ಚೂರು. ಬೋಲ್ಟೆಲ್ಲ 12 ಮಿಲಿಮೀಟರಿನವೇ ಇರಲಿ. ಎರಡು ಥರ ತಂದರೆ ಹೊಲಕ್ಕೆ ಎರಡು ಪಾನಾ ಒಯ್ಯಬೇಕು, ಒಂದು ಕಳೆದೇ ಕಳೆಯುತ್ತದೆ.

ಈಸು ಮಾತ್ರ ಕಟ್ಟಿಗೆಯದೇ ಇರಲಿ. ಜಾಲಿ ಒಳ್ಳೆಯದು, ತೇಗ ಸಿಕ್ಕರೆ ಇನ್ನೂ ಹಗುರ. ಅಪ್ಪ ಇದೊಂದು ವಿಷಯದಲ್ಲಿ ಬಗ್ಗಲಿಲ್ಲ. "ಕಲ್ಲಿಗೆ ಕುಡ ಬಡದ್ರ ಕಟ್ಟಿಗಿ ಬಾಗತೈತಿ, ಪೈಪು ಹಾಕಿದ್ರ ಆ ಪೆಟ್ಟು ಸೀದಾ ಎತ್ತಿನ ಹೆಗಲಿಗೆ." ಅವರ ಮಾತೇ ಸರಿ. ಆದರೆ ಕಾಲೂ ಕಟ್ಟಿಗೆಯದೇ ಆಗಬೇಕು ಎಂದು ಹಟ ಹಿಡಿದಾಗ ನಾನು ಒಪ್ಪಲಿಲ್ಲ. 1903ರಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಕಿದರೆ ಭೂಮಿಗೆ ವಿಷ ಎಂದು ರೈತರು ಕೊಳ್ಳಲು ಹಿಂಜರಿದರಂತೆ. ಅಪ್ಪನಿಗೆ ಅದನ್ನು ಹೇಳಿದೆ. ಅವರು ಬೀಡಿ ಹಚ್ಚಿಕೊಂಡು ಆಚೆ ಹೋದರು, ಅದನ್ನೇ ಒಪ್ಪಿಗೆ ಅಂದುಕೊಂಡೆ.

ಇನ್ನು ಕುಡ. ರಂಟೆಯ ಅರ್ಧ ಕೆಲಸ ಇದೇ, ಅವಸರ ಬೇಡ. ಸ್ಪ್ರಿಂಗ್ ಪಟ್ಟಾ ಹದ ಹಾಕಿದ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿದ ಉಕ್ಕು, ಹಾಗೇ ತೂತು ಕೊರೆಯಲು ಹೋದರೆ ಡ್ರಿಲ್ ಬಿಟ್ ಸುಟ್ಟುಕೊಳ್ಳುತ್ತೀರಿ. ಸಂಜೆ ಕುಲುಮೆಯಲ್ಲಿ ಪೂರ್ತಿ ಕೆಂಪಗೆ ಕಾಯಿಸಿ, ಬೂದಿ ತುಂಬಿದ ಡಬ್ಬದಲ್ಲಿ ಹೂತು ಮಲಗಿಬಿಡಿ. ಬೆಳಿಗ್ಗೆ ತೆಗೆದರೆ ಮೆತ್ತಗಾಗಿರುತ್ತದೆ. ಆಗ ಹಿಂದಿನ ತುದಿಯಿಂದ 2 ಇಂಚಿಗೆ ಒಂದು, 7 ಇಂಚಿಗೆ ಒಂದು ತೂತು ಕೊರೆಯಿರಿ. ಬೋಲ್ಟಿನ ತಲೆ ಒಳಗೆ ಕೂರುವಂತೆ ತೂತಿನ ಬಾಯಿ ಅಗಲಿಸಿ, ಇಲ್ಲದಿದ್ದರೆ ತಲೆಗೆ ಮಣ್ಣು ಮೆತ್ತುತ್ತದೆ. ಮುಂದಿನ ತುದಿಯನ್ನು ಕಾಯಿಸಿ ಬಡಿದು ಈಟಿಯಂತೆ ಚೂಪು ಮಾಡಿ. ಬಡಿಯುವಾಗ ಕೆಂಪು ಹೋಗಿ ಕಪ್ಪಾಯಿತೆಂದರೆ ಸುತ್ತಿಗೆ ಕೆಳಗಿಡಿ; ತಣ್ಣಗಾದ ಮೇಲೆ ಬಡಿದ ಏಟು ಒಳಗೆ ಬಿರುಕಾಗಿ ಕೂರುತ್ತದೆ.

ಆಮೇಲೆ ಹದ ಹಾಕುವುದು. ಅಪ್ಪ ತನ್ನ ಜೀವಮಾನವಿಡೀ ಕುಡವನ್ನು ನೀರಿಗೇ ಅದ್ದಿದವರು, ಅವರ ಕಾಲದ ಕಬ್ಬಿಣಕ್ಕೆ ಅದು ನಡೆಯುತ್ತಿತ್ತು. ನಾನೂ ಮೊದಲ ಪಟ್ಟಾವನ್ನು ಕಲ್ಬಾನಿಯ (ಕಲ್ಲಿನ ತೊಟ್ಟಿಯ) ನೀರಿಗೆ ಅದ್ದಿದೆ. ಟಿಣ್ ಎಂದು ಒಂದು ಸಣ್ಣ ಸದ್ದು ಬಂತು, ಲಕ್ಷ್ಯ ಕೊಡಲಿಲ್ಲ. ಮಸಾರಿ ಹೊಲದಲ್ಲಿ ಮೊದಲ ಕಲ್ಲಿಗೇ ಎರಡು ಇಂಚು ಮೊನೆ ಗಾಜಿನಂತೆ ಮುರಿದು ಬಿತ್ತು. ಸ್ಪ್ರಿಂಗ್ ಉಕ್ಕಿಗೆ ನೀರು ಆಗುವುದಿಲ್ಲ, ಎಣ್ಣೆಯೇ ಬೇಕು. ಟ್ರ್ಯಾಕ್ಟರಿನಿಂದ ತೆಗೆದ ಹಳೆ ಎಂಜಿನ್ ಆಯಿಲ್ ನಾಲ್ಕೈದು ಲೀಟರ್ ತಗಡಿನ ಡಬ್ಬದಲ್ಲಿ ಇಟ್ಟುಕೊಳ್ಳಿ, ಪ್ಲಾಸ್ಟಿಕ್ಕಿನದು ಬೇಡವೇ ಬೇಡ. ಅದ್ದಿದಾಗ ಬೆಂಕಿ ಭಗ್ಗೆನ್ನುತ್ತದೆ, ಪಕ್ಕದಲ್ಲಿ ಒಂದು ಬುಟ್ಟಿ ಮರಳು, ಡಬ್ಬ ಮುಚ್ಚಲು ಒಂದು ತಗಡು ಇರಲಿ.

ಮೊನೆಯಿಂದ 3 ಇಂಚು ಮಾತ್ರ ಕಾಯಿಸಿ. ಎಷ್ಟು ಕಾಯಬೇಕು? ಹಣ್ಣು ಮೆಣಸಿನಕಾಯಿ ಬಣ್ಣ ಎಂದು ಅಪ್ಪ ಹೇಳುತ್ತಾರೆ. ಬಿಸಿಲಲ್ಲಿ ಆ ಬಣ್ಣ ಮೋಸ ಮಾಡುತ್ತದೆ, ನೆರಳಲ್ಲೇ ನೋಡಬೇಕು. ನಾನು ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಸರಳಿಗೆ ಕಟ್ಟಿಟ್ಟುಕೊಂಡಿದ್ದೇನೆ. ಕಾದ ಉಕ್ಕು ಅದಕ್ಕೆ ಅಂಟುವುದನ್ನು ಬಿಟ್ಟಿತೆಂದರೆ ಇನ್ನೊಂದು ಕ್ಷಣ ಉರಿಯಲ್ಲಿಟ್ಟು, ಎಣ್ಣೆಗೆ ನೇರ ಇಳಿಸಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಈಗ ಅದು ಬಲು ಗಟ್ಟಿ, ಅಷ್ಟೇ ಪೆಡಸು. ಮೊನೆಯ ಒಂದು ಮೈಯನ್ನು ಸಾಣೆಗೆ ಹಿಡಿದು ಹೊಳಪು ಮಾಡಿ, ಹಿಂಭಾಗವನ್ನು ನಿಧಾನ ಕಾಯಿಸುತ್ತ ಆ ಹೊಳಪಿನ ಮೇಲೇ ಕಣ್ಣಿಡಿ. ಮೊದಲು ಜೋಳದ ಸೊಪ್ಪೆಯ ಹಳದಿ ಹರಿದು ಬರುತ್ತದೆ, ಅದರ ಹಿಂದೆ ಬೆಲ್ಲದ ಬಣ್ಣ, ಅದರ ಹಿಂದೆ ನೇರಳೆ ಹಣ್ಣಿನ ಬಣ್ಣ. ನೇರಳೆ ಮೊನೆ ಮುಟ್ಟಿದೊಡನೆ ಎಣ್ಣೆಗೆ ಹಾಕಿ. ನವಿಲಿನ ಕತ್ತಿನ ನೀಲಿಯೂ ದಾಟಿ ಬೂದಿ ಬಣ್ಣಕ್ಕೆ ಬಂತೋ, ಹದ ಇಳಿದುಹೋಯಿತು, ಮತ್ತೆ ಮೊದಲಿನಿಂದ ಮಾಡಬೇಕು. ನನಗೆ ಈಗಲೂ ಹತ್ತರಲ್ಲಿ ಒಂದು ದಾಟಿಹೋಗುತ್ತದೆ, ಆ ಹೊತ್ತಿಗೇ ಫೋನು ಬರುತ್ತದೆ.

ಹದ ಹಾಕಿದ ಕುಡಕ್ಕೆ ವೆಲ್ಡಿಂಗ್ ತಾಕಿಸಬೇಡಿ. ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ.

ಕಾಲಿನ ಪಟ್ಟಿಯ ಕೆಳಗಿನ 11 ಇಂಚು ನೇರ ಬಿಟ್ಟು, ಅದರ ಮೇಲಿನದನ್ನು ಕಾಯಿಸಿ ಕುಡುಗೋಲಿನಂತೆ ಮೇಲಕ್ಕೆ ಬಾಗಿಸಿ. ನೇರ ಭಾಗ ನೆಲಕ್ಕೆ 20 ಡಿಗ್ರಿ ಓರೆ ಇರಬೇಕು. ಕೋನ ಅಳೆಯುವ ಸಾಧನ ಬೇಕಿಲ್ಲ: ನೆಲದ ಮೇಲೆ ಒಂದು ಅಡಿ ಹಿಂದಕ್ಕೆ ಅಳೆದರೆ ಪಟ್ಟಿ ನೆಲದಿಂದ ಸುಮಾರು ನಾಲ್ಕೂವರೆ ಇಂಚು ಎದ್ದಿರಬೇಕು, ಅಷ್ಟೇ. ಇದಕ್ಕಿಂತ ನೆಟ್ಟಗಾದರೆ ಮಣ್ಣನ್ನು ಸೀಳುವ ಬದಲು ದೂಡುತ್ತದೆ. ನನ್ನ 38 ಕಿಲೋದ್ದು ಮಾಡಿದ್ದು ಅದನ್ನೇ. ಈ ನೇರ ಭಾಗದಲ್ಲಿ ಕುಡದ ತೂತುಗಳಿಗೆ ಸರಿಯಾಗಿ ಎರಡು ಉದ್ದನೆಯ ಸ್ಲಾಟು ಮಾಡಿ, ತಲಾ ಒಂದೂವರೆ ಇಂಚು. ಸಾದಾ ಕಬ್ಬಿಣ, ಸಾಲಾಗಿ ಕೊರೆದು ಅರ ಹಾಕಿದರೆ ಆಯಿತು. ಕುಡ ಅದರ ಮೇಲೆ ಕೂತು 5 ಇಂಚು ಮುಂದೆ ಚಾಚಲಿ. ಕುಡದ ಹಿಂದೆ, ಕಾಲು ಬಾಗುವಲ್ಲಿ, ಒಂದು ನಟ್ಟು ಬೆಸೆದು ಉದ್ದ ಬೋಲ್ಟು ಹಾಕಿ, ಅದರ ತುದಿ ಕುಡದ ಬೆನ್ನಿಗೆ ಒತ್ತುವಂತಿರಲಿ. ಕಲ್ಲಿಗೆ ಬಡಿದಾಗ ಕುಡ ಹಿಂದೆ ಸರಿಯದಂತೆ ತಡೆಯುವುದೂ ಅದೇ, ಸವೆದಾಗ ಮುಂದಕ್ಕೆ ತಳ್ಳುವುದೂ ಅದೇ.

ಈ ಬೋಲ್ಟು ಯಾಕೆ ಇಷ್ಟು ಮುಖ್ಯ ಅನ್ನುವುದು ತಳಪಟ್ಟಿ ಕೂರಿಸುವಾಗ ತಿಳಿಯುತ್ತದೆ. ಮೊನೆ ಕಾಲಿನ ತುದಿಗಿಂತ ಕೆಳಗಿರುವುದರಿಂದ ತಳವನ್ನು ಕಾಲಿಗೆ ನೇರ ಬೆಸೆಯಲು ಬರುವುದಿಲ್ಲ, ನಡುವೆ ಎರಡು ತುಂಡು ಪಟ್ಟಿ ಕೊಟ್ಟು ಕೆಳಗಿಳಿಸಬೇಕು. ಸಿಮೆಂಟು ನೆಲದ ಮೇಲೆ ರಂಟೆ ನಿಲ್ಲಿಸಿ: ಮುಂದೆ ಮೊನೆ, ಹಿಂದೆ ತಳಪಟ್ಟಿಯ ಹಿಮ್ಮಡಿ, ಇವೆರಡೇ ನೆಲ ಮುಟ್ಟಬೇಕು. ತಳದ ಮುಂತುದಿಯ ಅಡಿ ಹತ್ತು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದಿಟ್ಟರೆ ನುಸುಳುವಷ್ಟು ಸಂದು, ಮೂರು ಮಿಲಿಮೀಟರಿಗೆ ತುಸು ಮೇಲೆ. ಮೊನೆಯನ್ನು ನೆಲ ಒಳಗೆಳೆದುಕೊಳ್ಳುವುದು ಈ ಸಂದಿನಿಂದಲೇ. ಈಗ ಲೆಕ್ಕ ಹಾಕಿ: 20 ಡಿಗ್ರಿ ಓರೆಯಲ್ಲಿ ಮೊನೆ ಅರ್ಧ ಇಂಚು ಸವೆದರೆ ಅದು ನಾಲ್ಕು ಮಿಲಿಮೀಟರ್ ಮೇಲೇರುತ್ತದೆ. ಸಂದು ಮುಗಿಯಿತು. "ರಂಟಿ ನೆಲಾ ಹಿಡೀವಲ್ದು" ಎಂದು ಬಂದವರಲ್ಲಿ ಮುಕ್ಕಾಲು ಪಾಲು ಜನರ ರೋಗ ಇಷ್ಟೇ. ಪಾನಾ ತೆಗೆದು ಬೋಲ್ಟು ತಿರುವಿ, ಕುಡವನ್ನು ಅರ್ಧ ಇಂಚು ಮುಂದೆ ತಳ್ಳಿದರೆ ವಾಸಿ.

ರೆಕ್ಕೆಗಳನ್ನು ಕಾಲಿನ ಎರಡೂ ಮಗ್ಗುಲಿಗೆ, ಅದೇ ಓರೆಗೆ ಬೆಸೆದು ಒಟ್ಟು ಅಗಲ 6 ಇಂಚು ಮಾಡಿ. ಕರಿಕೆ ಹುಲ್ಲಿನ ಬೇರು ಕತ್ತರಿಸಲು ಅಂಚು ಚೂಪಿರಲಿ. ಮಣ್ಣು ತಾಕುವ ಯಾವ ಜಾಗಕ್ಕೂ ಪೇಂಟು ಬಳಿಯಬೇಡಿ. ಅಂದ ಕಾಣಲೆಂದು ಕೆಂಪು ಹಚ್ಚಿಸಿಕೊಂಡು ಹೋದವರ ರಂಟೆಗೆ ಎರೆ ಮಣ್ಣು ಕಣಕದಂತೆ ಮೆತ್ತಿ, ಸಾಲಿಗೊಮ್ಮೆ ಕೋಲಿನಿಂದ ಕೆರೆಯುತ್ತ ಕೂತಿದ್ದಾರೆ. ಹೊಳಪಿದ್ದರೆ ಮಣ್ಣು ಜಾರುತ್ತದೆ. ಇವತ್ತು ಸಿಂಧನೂರಿನ ಗದ್ದೆಗಳಲ್ಲಿ ಓಡಾಡುವ ಹಸಿರು ಟ್ರ್ಯಾಕ್ಟರಿನ ಹೆಸರಿದೆಯಲ್ಲ, ಜಾನ್ ಡಿಯರ್, ಆತನೂ ಕಮ್ಮಾರನೇ. 1837ರಲ್ಲಿ ಅಮೆರಿಕದ ಇಲಿನಾಯ್ ಕಡೆಯ ಜಿಗುಟು ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಅಂಟುತ್ತದೆಂದು, ಮುರಿದ ಗರಗಸದ ಉಕ್ಕಿನಿಂದ ನುಣುಪಾದ ನೇಗಿಲು ಮಾಡಿದ್ದು ಅವನ ಮೊದಲ ಗೆಲುವು. ನಮಗೆ ಗರಗಸದ ಬದಲು ಲಾರಿ ಪಟ್ಟಾ.

ಈಸು ಒಂಬತ್ತು ಅಡಿ, ಬುಡದಲ್ಲಿ ಮೂರು ಇಂಚು, ತುದಿಗೆ ಹೋಗುತ್ತ ತೆಳು. ಅದರ ಬುಡವನ್ನು ಕಾಲಿನ ಮೇಲ್ತುದಿಯ ಎರಡು ಕೆನ್ನೆ ಪ್ಲೇಟುಗಳ ನಡುವೆ ಕೂರಿಸಿ, ಮುಂದೆ ಒಂದು ಬೋಲ್ಟು ಹಾಕಿ. ಈಸು ತಿರುಗುವುದು ಅದರ ಮೇಲೆ. ಅಲ್ಲಿಂದ 10 ಇಂಚು ಹಿಂದೆ ಪ್ಲೇಟಿನಲ್ಲಿ ಮೇಲೆ ಕೆಳಗೆ ನಾಲ್ಕು ತೂತು, ಮುಕ್ಕಾಲು ಇಂಚಿಗೊಂದು. ಒಂದು ತೂತು ಬದಲಿಸಿದರೆ ನೊಗದ ಕಡೆ ಏಳು ಇಂಚು ವ್ಯತ್ಯಾಸ. ಈಸಿನ ಬಾಲ ಕೆಳಗಿನ ತೂತಿಗೆ ಹೋದರೆ ಮೊನೆ ಬಗ್ಗಿ ಆಳ ಹೋಗುತ್ತದೆ, ಮೇಲಿನ ತೂತಿಗೆ ಬಂದರೆ ತೇಲುತ್ತದೆ.

ಎತ್ತು ಬದಲಾದರೆ ರಂಟೆಯೂ ಬದಲಾದಂತೆ. ತಾವರಗೇರಿ ಕಡೆಯ ಒಬ್ಬರು ನಾನು ಮಾಡಿದ ರಂಟೆಯನ್ನು ಎರಡು ವರ್ಷ ಹೊಗಳಿ, ಮೂರನೆಯ ವರ್ಷ ಬಂದು ಜಗಳ ತೆಗೆದರು. ಮೊನೆ ನೋಡಿದೆ, ಸಂದು ನೋಡಿದೆ, ಎಲ್ಲ ಸರಿ. ಕಡೆಗೆ ಹೊರಗೆ ಬಂದು ಬಂಡಿಗೆ ಹೂಡಿದ ಎತ್ತು ನೋಡಿದರೆ ಹೊಸ ಕಿಲಾರಿ ತಳಿಯ ಜೋಡಿ, ಹಳೆಯವುಗಳಿಗಿಂತ ಗೇಣು ಎತ್ತರ. ನೊಗ ಮೇಲೇರಿದ ಹಾಗೆ ಈಸೂ ಏರಿ ಮೊನೆಯನ್ನು ಎತ್ತಿಬಿಟ್ಟಿತ್ತು. ಬಾಲವನ್ನು ಒಂದು ತೂತು ಕೆಳಗಿಳಿಸಿದೆ, ದುಡ್ಡು ತೆಗೆದುಕೊಳ್ಳಲಿಲ್ಲ. ಸಣ್ಣ ವ್ಯತ್ಯಾಸಕ್ಕೆ ತೂತು ಬೇಡ. ನೊಗವನ್ನು ಈಸಿನ ತುದಿಯತ್ತ ನಾಲ್ಕು ಬೆರಳು ಮುಂದೆ ಕಟ್ಟಿದರೆ ಆಳ, ಹಿಂದೆ ಕಟ್ಟಿದರೆ ಮೇಲುಳುಮೆ.

ಕೈಯಲ್ಲಿ ಹಿಡಿಯುವ ಮೇಳಿಗೆ ನಿಮ್ಮ ಹಳೆ ರಂಟೆಯದನ್ನೇ ಬಿಚ್ಚಿ ಹಾಕಿ, ಕೈಗೆ ಒಗ್ಗಿರುತ್ತದೆ.

ಮೊದಲ ದಿನ ಹದವಿರುವ ಹೊಲದಲ್ಲೇ ನೋಡಿ. ಹತ್ತು ಮಾರು ಹೊಡೆದು ಮೇಳಿಯ ಮೇಲಿನ ಕೈ ಸಡಿಲ ಬಿಡಿ. ರಂಟೆ ತಾನೇ ನೆಟ್ಟಗೆ ನಡೆದರೆ ಸರಿ. ಮೇಳಿ ಕೈಯನ್ನು ಮೇಲೆ ಎತ್ತುತ್ತಿದ್ದರೆ ಮೊನೆ ಹೆಚ್ಚು ಬಗ್ಗಿದೆ, ನೆಲ ಹಿಡಿಸಲೆಂದು ನೀವೇ ಒತ್ತಬೇಕಾಗಿ ಬಂದರೆ ಮೊನೆ ತೇಲುತ್ತಿದೆ ಎಂದು ತಿಳಿಯಿರಿ. ಹತ್ತಿ ತೂಗುವ ಗಡಿಯಾರದ ತ್ರಾಸು ಸಿಕ್ಕರೆ ನೊಗಕ್ಕೂ ಈಸಿಗೂ ನಡುವೆ ಕಟ್ಟಿ ಮುಳ್ಳು ನೋಡಬಹುದು. ನನ್ನ ಹಳೆಯದರಲ್ಲಿ ಮುಳ್ಳು ನೂರರ ಆಚೆ ಕುಣಿಯುತ್ತಿತ್ತು, ಇದರಲ್ಲಿ ಎಂಬತ್ತರ ಸುತ್ತ ಆಡುತ್ತದೆ, ಅದೂ ಎರಡು ಬೆರಳು ಹೆಚ್ಚು ಆಳದಲ್ಲಿ.

ಮಧ್ಯಾಹ್ನ ಎತ್ತು ಬಿಟ್ಟು ಬುತ್ತಿ ಬಿಚ್ಚುವ ಮುಂಚೆ ಎಲ್ಲ ಬೋಲ್ಟನ್ನೂ ಒಂದು ಸುತ್ತು ಬಿಗಿಯಿರಿ. ಹೊಸ ಕಟ್ಟಿಗೆ ಅರ್ಧ ದಿನದಲ್ಲಿ ಅಮರಿ ಸಡಿಲಾಗಿರುತ್ತದೆ. ಹತ್ತೊಂಬತ್ತರ ಪಾನಾ ಒಂದೇ ಸಾಕು, ಅದನ್ನು ಮೇಳಿಗೆ ದಾರದಿಂದ ಕಟ್ಟಿಬಿಡಿ.