ದಣಿವಿಗೆ ತಕ್ಕ ಓದು: ಪಿಯುಸಿ ಸೈನ್ಸ್ ಜೊತೆ 800 ಮೀಟರ್ ಓಡಿದ ನನ್ನ ಅನುಭವ

ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಎಸ್ಸೆಸ್ಸೆಲ್ಸಿಗೆ ಬಂದರೆ ಅರ್ಧ ಖಾಲಿ. ಪಿಯುಸಿಯಲ್ಲಿ, ಅದೂ ಸೈನ್ಸ್ ತಗೊಂಡು ಓಡುತ್ತಿರುವವರು ಬೇಕು ಅಂದರೆ ಹುಡುಕಬೇಕು. 2022ರಿಂದ 2024ರವರೆಗೆ ನಾನು ಹಾಗೆ ಹುಡುಕಿದರೆ ಸಿಗುತ್ತಿದ್ದವಳು. ಓದಿದ್ದು ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ), ಓಡಿದ್ದು 800 ಮೀಟರ್. ಎರಡನ್ನೂ ಹೇಗೆ ಮಾಡಿದೆ ಅಂತ ಕೇಳುವವರು ಸಾಮಾನ್ಯವಾಗಿ ಟೈಮ್‌ಟೇಬಲ್ ಕೇಳುತ್ತಾರೆ. ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ನನ್ನ ಹತ್ತಿರವೂ ಇತ್ತು. ಅದನ್ನು ನೋಡಿ ಓದಿದ ನೆನಪು ಮಾತ್ರ ಕಡಿಮೆ.

ಆಟದವರಿಗೂ ಓದು ಬರುತ್ತೆ ಅನ್ನೋದಕ್ಕೆ ನಮ್ಮಲ್ಲಿ ಎಲ್ಲರೂ ಕುಂಬ್ಳೆ, ಶ್ರೀನಾಥ್ ಹೆಸರು ತೆಗೆಯುತ್ತಾರೆ. ನಿಜ. ಒಬ್ಬರು ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲಿ, ಇನ್ನೊಬ್ಬರು ನಮ್ಮ ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್ ಓದಿದವರು. ಕೇಳೋಕೆ ಖುಷಿಯಾಗುತ್ತೆ. ಆದರೆ ಮಂಗಳವಾರ ರಾತ್ರಿ ತಲೆ ಓಡದೆ ಕೂತಾಗ ಇಂಟಿಗ್ರೇಷನ್ ಲೆಕ್ಕ ಹೇಗೆ ಮಾಡೋದು ಅನ್ನೋದು ಆ ಹೆಸರುಗಳಿಂದ ಗೊತ್ತಾಗಲ್ಲ. ನನಗೆ ಬೇಕಾಗಿದ್ದದ್ದು ಅದು.

ಮೊದಲು ವಾರ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ನಮ್ಮ ಮನೆ ಶ್ರೀರಂಗಪಟ್ಟಣದಲ್ಲಿ. ಕಾಲೇಜು, ಟ್ರ್ಯಾಕ್ ಎರಡೂ ಮೈಸೂರಿನಲ್ಲಿ. ಮಂಗಳವಾರ, ಶುಕ್ರವಾರ ಸಂಜೆ ಕಾಲೇಜು ಬಿಟ್ಟ ಮೇಲೆ ಟ್ರ್ಯಾಕ್‌ನಲ್ಲಿ ಜೋರು ಓಟ. ಬುಧವಾರ ಬೆಳಿಗ್ಗೆ ಬೇಗ ಬಸ್ ಹತ್ತಿ ಕುಕ್ಕರಹಳ್ಳಿ ಕೆರೆ ಸುತ್ತ ಟೆಂಪೋ ರನ್, ಅಂದರೆ ಒಂದೇ ವೇಗದಲ್ಲಿ ಸ್ವಲ್ಪ ಬಿರುಸಾಗಿ ಓಡೋದು. ಸೋಮವಾರ, ಗುರುವಾರ ಮಧ್ಯಾಹ್ನ ಲ್ಯಾಬ್. ಹಾಗಾಗಿ ಆ ದಿನ ಬೆಳಿಗ್ಗೆ ಊರಲ್ಲೇ, ದರಿಯಾ ದೌಲತ್ ಮುಂದಿನಿಂದ ಸಂಗಮದ ಕಡೆಗೆ ನಿಧಾನವಾದ ಓಟ. ಶನಿವಾರ ಕಾಲಿಗೆ ರಜೆ. ಭಾನುವಾರ ಉದ್ದ ಓಟ, ಕೆಲವು ಸಲ ಚಾಮುಂಡಿ ಬೆಟ್ಟ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಿಂತೆ ಪೂರ್ತಿ ಹೋಯಿತು. ಅದಕ್ಕೂ ಮುಂಚೆ ಪಾಸ್ ಇದ್ದರೂ ಒಂದೇ ದಿನ ಎರಡು ಸಲ ಮೈಸೂರಿಗೆ ಹೋಗಿ ಬರೋದು ಅಂದರೆ ಮನೆಯಲ್ಲಿ ಒಂದು ಸಣ್ಣ ಚರ್ಚೆ ಆಗುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 800 ಮೀಟರ್ ಅಂದರೆ ಅಡ್ಡಗೋಡೆ ಮೇಲೆ ಇಟ್ಟ ದೀಪ. ಪೂರ್ತಿ ಸ್ಪ್ರಿಂಟೂ ಅಲ್ಲ, ದೂರದ ಓಟವೂ ಅಲ್ಲ. ಅರ್ಧಕ್ಕಿಂತ ಜಾಸ್ತಿ ಶಕ್ತಿ ಉಸಿರಿನ ಆಮ್ಲಜನಕದಿಂದ ಬರುತ್ತೆ. ಮಿಕ್ಕಿದ್ದನ್ನು ಸ್ನಾಯು ಆಮ್ಲಜನಕ ಇಲ್ಲದೆ ಉರಿಸಿಕೊಳ್ಳುತ್ತೆ. ಎರಡಕ್ಕೂ ಬೇರೆ ಬೇರೆ ಅಭ್ಯಾಸ ಬೇಕು, ಎರಡರ ದಣಿವೂ ಬೇರೆ. ಫಸ್ಟ್ ಪಿಯುಸಿಯ ಆಗಸ್ಟ್ ಹೊತ್ತಿಗೆ ನನಗೆ ಹೊಳೆದದ್ದು ಇದು. ಕೆರೆ ಸುತ್ತ ಓಡಿ ಬಂದ ದಿನ ಕಾಲು ನೋಯುತ್ತೆ, ಹಸಿವಾಗುತ್ತೆ, ಆದರೆ ತಲೆ ತೊಳೆದಿಟ್ಟ ಹಾಗಿರುತ್ತೆ. ಟ್ರ್ಯಾಕ್‌ನಲ್ಲಿ ಜೋರಾಗಿ ಓಡಿ ಬಂದ ದಿನ ಮನೆ ಸೇರುವಷ್ಟರಲ್ಲಿ ಕಾಲು ಸರಿಹೋಗಿರುತ್ತೆ, ತಲೆ ಮಾತ್ರ ಕೆಲಸ ಮಾಡಲ್ಲ.

ಒಂದು ಮಂಗಳವಾರ ಹೇಗಿರುತ್ತಿತ್ತು ಅಂತ ಹೇಳುತ್ತೇನೆ. 300 ಮೀಟರ್ ಆರು ಸಲ, ಮಧ್ಯೆ ಮೂರು ನಿಮಿಷ ನಡಿಗೆ. ಮೊದಲ ಎರಡು ಸುಮ್ನೆ ಹೋಗುತ್ತೆ. ನಾಲ್ಕನೆಯದರ ಕೊನೆಯ ಐವತ್ತು ಮೀಟರಿಗೆ ತೊಡೆ ಕಲ್ಲಾಗುತ್ತೆ. ಆರನೆಯದು ಮುಗಿದಾಗ ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನಿಂತರೆ ಕಿವಿಯಲ್ಲಿ ಗುಂಯ್ ಅನ್ನುತ್ತೆ. ಎರಡು ಬಾಳೆಹಣ್ಣು, ಮುಷ್ಟಿಯಷ್ಟು ಕಡಲೆಬೀಜ, ಬೆಲ್ಲ ತಿಂದು ಬಸ್ ಹತ್ತಿದರೆ ಮನೆಗೆ ಬರುವಾಗ ಏಳೂವರೆ. ಊಟ ಮಾಡಿ ಎಂಟಕ್ಕೆ ಕೂತರೆ ಒಂಬತ್ತಕ್ಕೆ ಮಲಗಬೇಕು. ಆ ಒಂದು ಗಂಟೆಯಲ್ಲಿ ಗಣಿತ ತೆಗೆದರೆ ಒಂದೇ ಲೆಕ್ಕದ ಮುಂದೆ ಕೂತು ಎದ್ದುಬಿಡುತ್ತಿದ್ದೆ.

ಹಾಗಾಗಿ ಜೋರು ಓಟದ ದಿನ ಕೈ ಮಾತ್ರ ಮಾಡುವ ಕೆಲಸ ಇಟ್ಟುಕೊಂಡೆ. ಫಿಸಿಕ್ಸ್ ಲ್ಯಾಬ್ ರೆಕಾರ್ಡ್ ಬರೆಯೋದು. ಬಯಾಲಜಿ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸೋದು. ಕೆಮಿಸ್ಟ್ರಿ ಸಮೀಕರಣಗಳನ್ನು ನೀಟಾಗಿ ಇನ್ನೊಂದು ಸಲ ಬರೆಯೋದು. ಇಲ್ಲವೇ ಕನ್ನಡ ಪಾಠ ಓದೋದು. ನಿಧಾನ ಓಟದ ದಿನ ಫಿಸಿಕ್ಸ್ ಡೆರಿವೇಷನ್, ಹೊಸ ಅಧ್ಯಾಯ. ಶನಿವಾರ, ಕಾಲಿಗೆ ರಜೆ ಇದ್ದ ದಿನ, ಗಣಿತ. ಅದೊಂದೇ. ಶನಿವಾರ ಬೇರೆ ಪುಸ್ತಕ ಮುಟ್ಟುತ್ತಿರಲಿಲ್ಲ. ದಿನಾ ಎಲ್ಲಾ ವಿಷಯ ಓದಬೇಕು ಅನ್ನುವ ಉಪದೇಶ ಓಡದ ಮಕ್ಕಳಿಗೆ ಸರಿ. ನನಗೆ ಯಾವ ದಣಿವಿಗೆ ಯಾವ ಪುಸ್ತಕ ಅಂತ ಗೊತ್ತಾದ ಮೇಲೇನೇ ಓದು ಮುಂದೆ ಹೋಗಿದ್ದು. ರೆಕಾರ್ಡ್ ಕೊಡೋಕೆ ನಮ್ಮ ಬ್ಯಾಚಿನಲ್ಲಿ ಯಾವಾಗಲೂ ನಾನೇ ಮೊದಲು. ಕಾರಣ ಇಷ್ಟೇ.

ಬಸ್ಸಿನಲ್ಲಿ ಓದೋಕೆ ಆಗುತ್ತಿರಲಿಲ್ಲ, ತಲೆ ತಿರುಗುತ್ತೆ. ಅದಕ್ಕೆ ಫಿಸಿಕ್ಸ್ ನಿಯಮಗಳು, ಬಯಾಲಜಿ ವ್ಯಾಖ್ಯೆಗಳನ್ನು ನನ್ನ ದನಿಯಲ್ಲೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಂದು ಪ್ರಶ್ನೆ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರೋದು, ಆಮೇಲೆ ಉತ್ತರ. ಆ ಗ್ಯಾಪ್‌ನಲ್ಲಿ ನಾನು ಮನಸ್ಸಿನಲ್ಲೇ ಉತ್ತರ ಹೇಳಬೇಕು. ಪಕ್ಕದ ಸೀಟಿನವರು ಹಾಡು ಕೇಳುತ್ತಿದ್ದಾಳೆ ಅಂದುಕೊಂಡಿರಬಹುದು. ಬೇರೆಯವರ ವಿಡಿಯೋ ಕೇಳೋದಕ್ಕಿಂತ ಇದು ಚೆನ್ನಾಗಿ ನೆನಪಿರುತ್ತೆ ಅನ್ನೋದು ನನ್ನ ಅಭಿಪ್ರಾಯ, ಯಾಕೆಂದರೆ ರೆಕಾರ್ಡ್ ಮಾಡುವಾಗಲೇ ಅರ್ಧ ಬಂದಿರುತ್ತೆ.

ಓಟ ಪಾಠಕ್ಕೆ ಸಹಾಯ ಮಾಡಿದ್ದೂ ಇದೆ. ಫಸ್ಟ್ ಪಿಯುಸಿ ಬಯಾಲಜಿಯಲ್ಲಿ ಚಲನೆಯ ಪಾಠ ಬಂದಾಗ ದೂರದ ಓಟಕ್ಕೆ ಕೆಂಪು ಸ್ನಾಯು ತಂತು, ಜೋರು ಓಟಕ್ಕೆ ಬಿಳಿ ಸ್ನಾಯು ತಂತು ಅಂತ ಬಾಯಿಪಾಠ ಮಾಡಬೇಕಾಗಿರಲಿಲ್ಲ, ಎರಡೂ ನನ್ನ ತೊಡೆಯಲ್ಲೇ ಪರಿಚಯ ಆಗಿದ್ದವು. ತಮಾಷೆ ಏನೆಂದರೆ, ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡು ಸ್ನಾಯು ದಣಿಯುತ್ತೆ ಅಂತ ಪುಸ್ತಕದಲ್ಲಿದೆ. ಅದರದೇ ಇನ್ನೊಂದು ರೂಪವಾದ ಲ್ಯಾಕ್ಟೇಟ್ ಕೂಡ ಸ್ನಾಯುವಿಗೆ ಇಂಧನ, ದಣಿವಿಗೆ ಬೇರೆ ಕಾರಣಗಳೂ ಇವೆ ಅಂತ ಈಗಿನ ವಿಜ್ಞಾನ ಹೇಳುತ್ತೆ, ನಮ್ಮ ಕೋಚ್ ಕೂಡ ಅದನ್ನೇ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಏನು ಬರೆಯಲಿ ಅಂತ ಕೇಳಿದ್ದಕ್ಕೆ "ಪುಸ್ತಕದಲ್ಲಿ ಇರೋದನ್ನ ಬರಿ, ಟ್ರ್ಯಾಕ್‌ನಲ್ಲಿ ನಾನು ಹೇಳಿದ್ದು ಮಾಡು" ಅಂದರು. ಹಾಗೇ ಮಾಡಿದೆ.

ನಿದ್ದೆ ವಿಷಯದಲ್ಲಿ ನಾನು ಹಠಮಾರಿ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ತಜ್ಞರು ಹೇಳುತ್ತಾರೆ. ಒಂಬತ್ತಕ್ಕೆ ಮಲಗಿ ಐದಕ್ಕೆ ಎದ್ದರೆ ಎಂಟು ಗಂಟೆ ಆಯಿತು. ಬುಧವಾರ ಇನ್ನೂ ಬೇಗ ಏಳಬೇಕಿದ್ದರಿಂದ ಮಂಗಳವಾರದ ಆ ಒಂದು ಗಂಟೆ ಓದಿನಲ್ಲೂ ಅರ್ಧ ಗಂಟೆ ಕಡಿಮೆ ಮಾಡುತ್ತಿದ್ದೆ. "ಪಕ್ಕದ ಮನೆ ಹುಡುಗ ಹನ್ನೆರಡರವರೆಗೆ ಲೈಟ್ ಹಾಕ್ಕೊಂಡು ಓದ್ತಾನೆ" ಅಂತ ಅಮ್ಮ ಹೇಳದ ವಾರ ಇರಲಿಲ್ಲ. ಆ ಹುಡುಗ ಬೆಳಿಗ್ಗೆ ಆರು ಕಿಲೋಮೀಟರ್ ಓಡಲ್ಲ ಅಲ್ವಾ?

ಸೆಕೆಂಡ್ ಪಿಯುಸಿ ಶುರುವಾಗಿ ಸ್ವಲ್ಪ ದಿನಕ್ಕೆ ಎಲ್ಲಾ ಕೈಕೊಟ್ಟಿತು. ಎಂಟು ಗಂಟೆ ಮಲಗಿದರೂ ಕ್ಲಾಸಿನಲ್ಲಿ ತೂಕಡಿಕೆ. ಸುಲಭದ ಓಟದಲ್ಲೇ ಏದುಸಿರು. 2 ನಿಮಿಷ 17 ಸೆಕೆಂಡಿನಲ್ಲಿ ಓಡುತ್ತಿದ್ದವಳು 2:24 ತಗೊಳ್ಳತೊಡಗಿದೆ. ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕಾಲೇಜಿನಲ್ಲಿ "ಓಟದಿಂದ ಹೀಗಾಗಿದೆ, ಬಿಡು" ಅಂದರು. ಟ್ರ್ಯಾಕ್‌ನಲ್ಲಿ "ಓದಿನ ಟೆನ್ಷನ್" ಅಂದರು. ಮನೆಯಲ್ಲಿ ಮೊಬೈಲ್ ಕಾರಣ. ಕೊನೆಗೆ ಕೋಚ್ ರಕ್ತ ಪರೀಕ್ಷೆ ಮಾಡಿಸು ಅಂದರು. ಹಿಮೋಗ್ಲೋಬಿನ್ 9.8. ಹೆಣ್ಣುಮಕ್ಕಳಿಗೆ 12 ಆದರೂ ಇರಬೇಕು. ತಿಂಗಳು ತಿಂಗಳು ರಕ್ತ ಹೋಗುತ್ತೆ, ಓಟದಲ್ಲಿ ಬೆವರು, ಕಾಲು ನೆಲಕ್ಕೆ ಬಡಿಯೋದು, ಹೀಗೂ ಸ್ವಲ್ಪ ಕಬ್ಬಿಣ ಹೋಗುತ್ತೆ. ಮೇಲಿಂದ ಬೆಳೆಯುವ ವಯಸ್ಸು. ರಕ್ತದಲ್ಲಿ ಆಮ್ಲಜನಕ ಹೊರುವುದೇ ಕಡಿಮೆಯಾದರೆ ಕಾಲಿಗೂ ಇಲ್ಲ, ತಲೆಗೂ ಇಲ್ಲ.

ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು. ಊಟವಾದ ತಕ್ಷಣ ಕಾಫಿ, ಟೀ ಕುಡಿಯಬೇಡ, ಅದು ಕಬ್ಬಿಣ ಹೀರಿಕೊಳ್ಳೋದನ್ನು ತಡೆಯುತ್ತೆ ಅಂದರು. ಸೊಪ್ಪಿನ ಸಾರು, ಮೊಳಕೆ ಹುರುಳಿಕಾಳಿಗೆ ನಿಂಬೆಹಣ್ಣು ಹಿಂಡಿ ತಿನ್ನು ಅಂದರು. ಮೊಟ್ಟೆ ಮನೆಯಲ್ಲಿ ಮೊದಲಿಂದಲೂ ಇತ್ತು. ದಸರಾ ಹೊತ್ತಿಗೆ ಉಸಿರು ವಾಪಸ್ ಬಂತು, ಜೊತೆಗೆ ಫಿಸಿಕ್ಸ್ ಕೂಡ. ಓಡುವ ಹುಡುಗಿಗೆ ಓದೋಕೆ ಆಗುತ್ತಿಲ್ಲ ಅಂದರೆ ಬೈಯುವುದಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಕೇಳದವರಿಗೂ.

ಇನ್ನು ವರ್ಷದ ಲೆಕ್ಕ. ನಮ್ಮ ಪಿಯು ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೇಲೆ ಹೋಗುತ್ತವೆ. ಮಧ್ಯೆ ದಸರಾ ಕ್ರೀಡಾಕೂಟ ಬೇರೆ, ಅದು ನಮ್ಮ ಮೈಸೂರಿನವರಿಗೆ ಮನೆ ಹಬ್ಬ. ಮಳೆಗಾಲದಲ್ಲಿ ಶುರುವಾಗಿ ವರ್ಷದ ಕೊನೆಯ ಹೊತ್ತಿಗೆ ದೊಡ್ಡ ಕೂಟಗಳು ಮುಗಿಯುತ್ತವೆ. ಪಬ್ಲಿಕ್ ಪರೀಕ್ಷೆ ಮಾರ್ಚ್‌ನಲ್ಲಿ. ಅಂದರೆ ಎರಡೂ ಒಂದೇ ತಿಂಗಳಲ್ಲಿ ತಲೆ ಮೇಲೆ ಬೀಳಲ್ಲ. ಜೂನ್, ಜುಲೈನಲ್ಲಿ ಕೂಟಗಳಿಲ್ಲ, ಆಗ ಪಾಠದಲ್ಲಿ ಕ್ಲಾಸಿಗಿಂತ ಎರಡು ಅಧ್ಯಾಯ ಮುಂದೆ ಇರಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಿಂದೆ ಬಿದ್ದೇ ಬೀಳುತ್ತೇವೆ, ಬೀಳಲಿ. ಆ ತಿಂಗಳ ಟೆಸ್ಟ್‌ಗಳಲ್ಲಿ ನನ್ನ ಅಂಕ ನೋಡಿ ಯಾರೂ ಮೆಚ್ಚಿಕೊಳ್ಳುತ್ತಿರಲಿಲ್ಲ.

ಹಾಜರಾತಿ 75 ಪರ್ಸೆಂಟ್ ಇರಲೇಬೇಕು. ಕೂಟಕ್ಕೆ ಹೋಗುವ ಮುಂಚೆಯೇ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟು, ಬಂದ ಮೇಲೆ ಭಾಗವಹಿಸಿದ ಪ್ರಮಾಣಪತ್ರದ ಜೆರಾಕ್ಸ್ ಕೊಡುತ್ತಿದ್ದೆ. ಎರಡರ ಒಂದೊಂದು ಪ್ರತಿ ನನ್ನ ಫೈಲ್‌ನಲ್ಲಿ. ಥಿಯರಿ ಕ್ಲಾಸ್ ತಪ್ಪಿದರೆ ಗೆಳತಿಯ ನೋಟ್ಸ್ ಇದೆ, ಲ್ಯಾಬ್ ತಪ್ಪಿದರೆ ಏನೂ ಇಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರಕ್ಕೂ ಪ್ರಾಕ್ಟಿಕಲ್ 30 ಅಂಕ. ಟೈಟ್ರೇಷನ್‌ನಲ್ಲಿ ಬಣ್ಣ ತಿರುಗುವ ಹನಿ ಯಾವುದು ಅಂತ ನೋಟ್ಸ್ ನೋಡಿ ಕಲಿಯೋಕೆ ಆಗಲ್ಲ. ಅದಕ್ಕೆ ವರ್ಷದ ಶುರುವಿನಲ್ಲೇ ಲ್ಯಾಬ್ ಅಸಿಸ್ಟೆಂಟ್ ಹತ್ತಿರ ಮಾತಾಡಿ, ತಪ್ಪಿದ ಪ್ರಯೋಗವನ್ನು ಇನ್ನೊಂದು ಬ್ಯಾಚಿನ ಜೊತೆ ಮಾಡೋಕೆ ಒಪ್ಪಿಸಿಕೊಂಡೆ. ಇಡೀ ಕಾಲೇಜಿನಲ್ಲಿ ನನಗೆ ಅತಿ ಹೆಚ್ಚು ಉಪಕಾರ ಮಾಡಿದವರು ಅವರೇ.

ಕ್ರೀಡಾ ಕೋಟಾ ಬಗ್ಗೆ ಎರಡು ಮಾತು. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಐಐಟಿ ಮದ್ರಾಸ್ ಕೂಡ 2024ರಿಂದ ಕ್ರೀಡಾಪಟುಗಳಿಗೆ ಬೇರೆ ಸೀಟು ಇಟ್ಟಿದೆ, ಆದರೆ ಅದಕ್ಕೆ ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಬೇಕು. ರಾಷ್ಟ್ರ ಮಟ್ಟದ ಪದಕ ಇದ್ದವರಿಗೆ ಇವೆಲ್ಲ ದಾರಿ. ನಾನು ರಾಜ್ಯ ಮಟ್ಟದಲ್ಲಿ ನಾಲ್ಕನೆಯವಳು, 2:15. ನನ್ನಂಥವರೇ ಜಾಸ್ತಿ. ಕೋಟಾ ನಂಬಿಕೊಂಡು ಓದು ಬಿಟ್ಟ ಹುಡುಗರನ್ನು ಟ್ರ್ಯಾಕ್‌ನಲ್ಲಿ ನೋಡಿದ್ದೇನೆ, ಅವರ ಅಪ್ಪಂದಿರೇ ಬಿಡಿಸಿದ್ದು. ನನಗೆ ಅದು ಸರಿ ಅನ್ನಿಸಲ್ಲ.

ಜನವರಿಯಿಂದ ಓಟ ಇಳಿಸಿದೆ, ನಿಲ್ಲಿಸಲಿಲ್ಲ. ವಾರಕ್ಕೆ ಮೂರೇ ದಿನ. ದೂರ ಕಡಿಮೆ ಮಾಡಬಹುದು, ವೇಗ ಮಾತ್ರ ಕಡಿಮೆ ಮಾಡಬೇಡ, ಹಾಗಿದ್ದರೆ ಗಳಿಸಿದ್ದು ಬೇಗ ಕರಗಲ್ಲ ಅಂತ ಕೋಚ್ ಹೇಳಿದ್ದರು. ಅದಕ್ಕೆ ಒಂದು ದಿನ 200 ಮೀಟರ್ ನಾಲ್ಕು ಸಲ ಜೋರಾಗಿ, ಇನ್ನೆರಡು ದಿನ ಅರ್ಧ ಗಂಟೆ ಸುಮ್ನೆ ಓಟ. ಉಳಿದ ಹೊತ್ತೆಲ್ಲ ಹಳೆಯ ಪ್ರಶ್ನೆಪತ್ರಿಕೆ. ಆ ವರ್ಷವೇ ಪರೀಕ್ಷೆ-1, 2, 3 ಅಂತ ಮೂರು ಸಲ ಬರೆಯೋಕೆ ಅವಕಾಶ ಕೊಡುವ ಪದ್ಧತಿ ಬಂದಿತ್ತು. ಎರಡನೇದರಲ್ಲಿ ನೋಡಿಕೊಳ್ಳೋಣ ಅಂತ ಗೆಳೆಯರು ಹೇಳುತ್ತಿದ್ದರು. ಪರೀಕ್ಷೆ-2 ಬರೆಯೋದು ಅಂದರೆ ಏಪ್ರಿಲ್, ಮೇ ಕೂಡ ಓಟಕ್ಕೆ ಇಲ್ಲ ಅಂತ ಅರ್ಥ. ಹಾಗಾಗಿ ನನಗೆ ಪರೀಕ್ಷೆ-1 ಒಂದೇ. ಫಿಸಿಕ್ಸ್ ಪತ್ರಿಕೆಯ ಹಿಂದಿನ ಸಂಜೆ ಅರ್ಧ ಗಂಟೆ ಓಡಿ ಬಂದೆ. ಅಮ್ಮ ಒಂದು ಮಾತೂ ಆಡಲಿಲ್ಲ, ಅದೇ ಆಶ್ಚರ್ಯ.

83 ಪರ್ಸೆಂಟ್ ಬಂತು. ಡಿಸ್ಟಿಂಕ್ಷನ್ ಸ್ವಲ್ಪದರಲ್ಲಿ ತಪ್ಪಿತು, ಗಣಿತದಿಂದ. ಏಪ್ರಿಲ್‌ನಲ್ಲಿ ಸಿಇಟಿ ಮುಗಿಸಿ ಟ್ರ್ಯಾಕ್‌ಗೆ ಹೋದಾಗ ಮೊದಲ ಟ್ರಯಲ್ 2:21. ಕಾಲಿಗಿಂತ ಉಸಿರು ಕಷ್ಟಪಟ್ಟಿತು. ಮಳೆಗಾಲ ಶುರುವಾಗುವಷ್ಟರಲ್ಲಿ 2:16ಕ್ಕೆ ಇಳಿಸಿದೆ. ಈಗ ಮೈಸೂರಿನಲ್ಲೇ ಇಂಜಿನಿಯರಿಂಗ್. ಇಲ್ಲಿ ಲ್ಯಾಬ್ ವಾರಕ್ಕೆ ಮೂರು ದಿನ, ಅದರಲ್ಲಿ ಒಂದು ಮಂಗಳವಾರ ಸಂಜೆಯವರೆಗೆ ಎಳೆಯುತ್ತೆ. 300 ಮೀಟರ್‌ಗಳನ್ನು ಬುಧವಾರಕ್ಕೆ ತಳ್ಳಿದ್ದೇನೆ.