ಕಪ್ಪು ಗೆರೆಯ ಹಳ್ಳ

ಕುಮಾರ ಪರ್ವತಕ್ಕೆ ಮೊದಲ ಸಲ ಹೋದಾಗ ಸುಮ್ನೆ ಮುಂದಿನವರ ಬೆನ್ನು ನೋಡಿಕೊಂಡು ಹತ್ತಿದ್ದೆ. ಎರಡನೇ ಸಲ ಟೊಪೊಶೀಟ್, ಅಂದ್ರೆ ನೆಲದ ಏರುತಗ್ಗು ತೋರಿಸುವ ಮ್ಯಾಪು, ಓದಿಯೇ ಹೋಗಬೇಕು ಅಂತ ಹಟ ಹಿಡಿದೆ. ಸರ್ವೆ ಆಫ್ ಇಂಡಿಯಾದ ಹಳೇ ಸರಣಿಯ 48 ಪಿ/10 ಹಾಳೆ. ಸ್ಕೇಲ್ 1:50,000, ಅಂದ್ರೆ ಹಾಳೆಯ ಮೇಲಿನ 2 ಸೆಂಟಿಮೀಟರ್ ನೆಲದಲ್ಲಿ 1 ಕಿಲೋಮೀಟರ್.

ಮೊದಲು ಹೊಲಿಗೆ ದಾರ ತಗೊಂಡೆ. ಕಾಲುದಾರಿಯ ಕೆಂಪು ಚುಕ್ಕಿಗಳ ಮೇಲೆ ತಿರುವು ಬಿಡದೆ ಮಲಗಿಸಿ, ಎಳೆದು ಸ್ಕೇಲಿಗೆ ಹಿಡಿದೆ. ಬಂದ ಲೆಕ್ಕ ನೋಡಿ ಖುಷಿಯಾಯಿತು, ಇಷ್ಟೇನಾ ಅಂತ! ಆದರೆ ದಾರಕ್ಕೆ ಏರು ಗೊತ್ತಾಗೋದಿಲ್ಲ ಅಲ್ವಾ. ಅದನ್ನು ಹೇಳೋದು ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು. ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ, ಪ್ರತಿ ಐದನೆಯದು ದಪ್ಪ. ಎರಡರ ನಡುವೆ 1 ಮಿಲಿಮೀಟರ್ ಜಾಗ ಇದ್ದರೆ, 50 ಮೀಟರ್ ಮುಂದೆ ಹೋಗುವಷ್ಟರಲ್ಲಿ 20 ಮೀಟರ್ ಹತ್ತಿರುತ್ತೀರಿ. ತುದಿ 1712 ಮೀಟರ್. ಬೆಟ್ಟದ ಬುಡದ ಸುಬ್ರಹ್ಮಣ್ಯದಿಂದ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಏರು. ಖುಷಿ ಇಳಿಯಿತು.

ನನಗೆ ಜಾಸ್ತಿ ತಲೆ ತಿಂದಿದ್ದು ಹಳ್ಳ ಯಾವುದು, ಏಣು (ಬೆಟ್ಟದ ಬೆನ್ನು) ಯಾವುದು ಅನ್ನೋದು. ಗೆರೆಯ ಮೂತಿ ಎತ್ತರದ ಕಡೆ ಚಾಚಿದ್ದರೆ ಹಳ್ಳ, ತಗ್ಗಿನ ಕಡೆ ಚಾಚಿದ್ದರೆ ಏಣು. ಏಣುಗಳ ಮೇಲೆಲ್ಲ ಪೆನ್ಸಿಲ್ ಎಳೆದೆ. ಅಷ್ಟು ಮಾಡಿದ್ದೇ ತಡ, ಚಪ್ಪಟೆ ಹಾಳೆಯಲ್ಲಿ ಬೆಟ್ಟ ಎದ್ದು ನಿಂತ ಹಾಗಾಯಿತು.

ಎಡವಿದ್ದು ಬಣ್ಣದಲ್ಲಿ. ಈ ಹಾಳೆಗಳಲ್ಲಿ ವರ್ಷವಿಡೀ ನೀರಿರುವ ಹೊಳೆ ನೀಲಿ, ಒಣಗುವ ಹಳ್ಳ ಕಪ್ಪು. ಕಾಡಿನ ಹಸಿರಿನಲ್ಲಿ ಕಂಡ ಒಂದು ಸಪೂರ ಕಪ್ಪು ಗೆರೆಯನ್ನು ನಾನು "ಬರೀ ಕಲ್ಲು, ದಾಟಿದರಾಯಿತು" ಅಂತ ಬಿಟ್ಟುಬಿಟ್ಟಿದ್ದೆ. ಹೋಗಿದ್ದು ಅಕ್ಟೋಬರ್‌ನಲ್ಲಿ, ಹಿಂದಿನ ರಾತ್ರಿ ಜೋರು ಮಳೆ. ಹೋಗಿ ನೋಡಿದರೆ ಹಳ್ಳ ಕೆಂಪಗೆ, ಭೋರೆಂದು ಹರಿಯುತ್ತಿದೆ.

"ಎಂಥ ಮಾರಾಯ, ನಿನ್ನ ಮ್ಯಾಪಲ್ಲಿ ಇದು ಇಲ್ವಾ?" ಅಂದ ಪುತ್ತೂರಿನ ಗೆಳೆಯ.

ಇತ್ತು, ಓದಿದ್ದು ತಪ್ಪಾಗಿತ್ತು. ಕಪ್ಪು ಅಂದ್ರೆ ಬೇಸಿಗೆಯಲ್ಲಿ ಒಣಗುತ್ತೆ ಅಂತಷ್ಟೇ, ಯಾವಾಗಲೂ ಒಣಗಿರುತ್ತೆ ಅಂತಲ್ಲ. ಬಂಡೆ ಮೇಲೆ ಕೂತು, ಉಂಬಳ (ಜಿಗಣೆ) ಕೀಳುತ್ತಾ ಎರಡು ಗಂಟೆ ಕಾದೆವು. ನೀರು ಇಳಿದ ಮೇಲೆ ದಾಟಿದ್ದು.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಆ ಗೆರೆಯ ಪಕ್ಕ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: "ಅಕ್ಟೋಬರ್, ಮಳೆ ಮಾರನೇ ದಿನ, ಇಳಿದ ಮೇಲೂ ಮೊಣಕಾಲು."